ಓಬವ್ವ: ಒಂದು ಹೆಸರಿನ ಹುಟ್ಟು, ಉಚ್ಚಾರ ಮತ್ತು ಹಿಂಜರಿತ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯು ಉತ್ತರದ ಕೂಡ್ಲಿಗಿ, ಕೊಟ್ಟೂರು ಸೀಮೆಗಳಿಗೂ ದಕ್ಷಿಣದ ಚಿತ್ರದುರ್ಗದ ಸೀಮೆಗೂ ನಡುವೆ ಬರುವ ಮಳೆಯಾಶ್ರಿತ ಬಯಲುನಾಡಾಗಿದ್ದು, ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುವ ಈ ಭಾಗದ ಹಳ್ಳಿಗಳಲ್ಲಿ ಕನ್ನಡದವರ ಜೊತೆಗೆ ತೆಲುಗನ್ನು ಮನೆಮಾತಾಗಿ ಆಡುವ ಕುಟುಂಬಗಳೂ ತಲೆಮಾರುಗಳಿಂದ ಬಾಳಿಕೊಂಡು ಬಂದಿವೆ. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಗೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ತೀರ ಈಚೆಗೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯನ್ನು ಹೊರತಂದಾಗ ಹೊನ್ನಾಳಿ ಮತ್ತು ಚನ್ನಗಿರಿಯ ಶಾಸನಗಳನ್ನು 7ನೆಯ ಸಂಪುಟದಲ್ಲಿಯೂ ಜಗಳೂರಿನ ಶಾಸನಗಳನ್ನು 11ನೆಯ ಸಂಪುಟದಲ್ಲಿಯೂ ಸೇರಿಸಬೇಕಾಗಿ ಬಂದದ್ದು ಈ ಹಳೆಯ ವಿಭಜನೆಯಿಂದಲೇ. ಇಂದು ಒಂದೇ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದರೂ ಈ ತಾಲ್ಲೂಕುಗಳ ಹಳೆಯ ಚರಿತ್ರೆಗಳು ಬೇರೆ ಬೇರೆ ಕೇಂದ್ರಗಳನ್ನು ಸುತ್ತಿಕೊಂಡಿದ್ದವು ಎಂಬುದಕ್ಕೆ ಕೋಟೆ, ಕೆರೆ, ಗುಡಿಗಳಷ್ಟೇ ಗಟ್ಟಿಯಾದ ಇನ್ನೊಂದು ಸಾಕ್ಷ್ಯವೆಂದರೆ ಹೆಣ್ಣುಮಕ್ಕಳ ಹೆಸರುಗಳು.

ಜಗಳೂರು, ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮೂರು ಭಾಗದ ವಯಸ್ಸಾದ ಹೆಂಗಸರಲ್ಲಿ ಓಬವ್ವ, ಓಬಮ್ಮ, ಓಬಕ್ಕ ಎಂಬ ಹೆಸರುಗಳು ಈಗಲೂ ಕೇಳಿಬರುತ್ತವೆ. ಆದರೆ ಈಗ ತೊಟ್ಟಿಲಿಗೆ ಹಾಕುವ ಹೆಣ್ಣುಕೂಸಿಗೆ ಈ ಹೆಸರನ್ನಿಡುವುದು ತೀರ ಅಪರೂಪವಾಗಿದೆ. ವಿಶೇಷವೆಂದರೆ, ಕರ್ನಾಟಕದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಈ ಹೆಸರು ಅಪರಿಚಿತವಲ್ಲ. ಒಂದು ಹೆಸರು ಬಳಕೆಯಲ್ಲಿ ದಟ್ಟವಾಗಿದ್ದ ಕಾಲದಲ್ಲಿ ಅದಕ್ಕೆ ಪ್ರಸಿದ್ಧಿಯಿರಲಿಲ್ಲ, ಪ್ರಸಿದ್ಧಿ ನಾಡಿನಾದ್ಯಂತ ಹಬ್ಬಿದ ಕಾಲದಲ್ಲಿ ಬಳಕೆ ಹಿಂಜರಿಯಿತು ಎಂಬ ಈ ಸಂಗತಿಯನ್ನು ಬಿಡಿಸಿ ನೋಡಬೇಕಾದರೆ ಹೆಸರಿನ ಮೂಲ, ಅದು ನಾಲಿಗೆಯ ಮೇಲೆ ಪಡೆದ ರೂಪ, ಅದನ್ನು ಮನೆಯಿಂದ ಮನೆಗೆ ದಾಟಿಸುತ್ತಿದ್ದ ಪದ್ಧತಿ ಈ ಮೂರನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ.

ಓಬವ್ವ ಎಂಬುದರ ಮೂಲವು ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿ, ನಲ್ಲಮಲ ಬೆಟ್ಟಗಳ ಒಳಗಿರುವ ಅಹೋಬಲ ಕ್ಷೇತ್ರದಲ್ಲಿದೆ. ಒಂಬತ್ತು ನರಸಿಂಹ ಸನ್ನಿಧಿಗಳಿಗಾಗಿ ಹೆಸರಾದ ಈ ಕ್ಷೇತ್ರವನ್ನು ಅಹೋಬಲ ಎಂದೂ ಅಹೋಬಿಲ ಎಂದೂ ಎರಡು ಬಗೆಯಾಗಿ ಬರೆಯುವ ವಾಡಿಕೆಯಿದ್ದು, ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನ ಬಲವನ್ನು ಕಂಡು ದೇವತೆಗಳು ಬೆರಗಿನಿಂದ ಉದ್ಗರಿಸಿದ್ದರಿಂದ ಮೊದಲನೆಯ ರೂಪ ಬಂದಿತೆಂದೂ, ದೇವರು ಬಿಲದಲ್ಲಿ ಎಂದರೆ ಗುಹೆಯಲ್ಲಿ ನೆಲೆಸಿರುವುದರಿಂದ ಎರಡನೆಯದು ಬಂದಿತೆಂದೂ ಸ್ಥಳಪುರಾಣದವರು ವಿವರಿಸುತ್ತಾರೆ. ಜನರ ಹೆಸರುಗಳಲ್ಲಿ ಉಳಿದದ್ದು ಮೊದಲನೆಯದೇ. ಇದು ಪಂಡಿತರ ಮತ್ತು ಮಠಗಳ ಕ್ಷೇತ್ರವಾಗಿದ್ದಂತೆಯೇ ಕಾಡಿನವರ ಕ್ಷೇತ್ರವೂ ಆಗಿತ್ತು. ನರಸಿಂಹನು ಆ ಬೆಟ್ಟದ ಬೇಟೆಗಾರ ಚೆಂಚು ಕುಲದ ಹುಡುಗಿಯನ್ನು ಮೆಚ್ಚಿ ಮದುವೆಯಾದನೆಂಬ ಚೆಂಚುಲಕ್ಷ್ಮಿಯ ಕಥೆ ಆಂಧ್ರ ಮತ್ತು ಕರ್ನಾಟಕದ ಗಡಿಸೀಮೆಯಲ್ಲೆಲ್ಲ ಹರಡಿದೆ. ತಮ್ಮ ಕುಲದವಳೊಬ್ಬಳ ಗಂಡನಾದ ದೇವರನ್ನು ಬೇಟೆ ಮತ್ತು ಪಶುಪಾಲನೆಯಿಂದ ಬದುಕುತ್ತಿದ್ದ ಸಮುದಾಯಗಳು ಅಳಿಯನಂತೆ, ಮನೆಯವನಂತೆ ಕಂಡು, ಅವನ ಹೆಸರನ್ನು ಮಕ್ಕಳಿಗೆ ಸಲಿಗೆಯಿಂದ ಇಟ್ಟುಕೊಂಡದ್ದು ಸಹಜವಾಗಿಯೇ ಇದೆ.

ಅಹೋಬಲ ಎಂಬ ನಾಲ್ಕು ಅಕ್ಷರಗಳ ಸಂಸ್ಕೃತ ರೂಪ ಓಬ ಎಂಬ ಎರಡಕ್ಷರಕ್ಕೆ ಇಳಿದದ್ದು ಹಳ್ಳಿಗರ ಅಪಭ್ರಂಶವೆಂದು ತಳ್ಳಿಹಾಕುವಂಥದ್ದಲ್ಲ. ಪ್ರತಿಯೊಂದು ಹಂತದಲ್ಲಿಯೂ ಅದು ಕನ್ನಡದ ನಿಯಮಕ್ಕೆ ಅನುಸಾರವಾಗಿಯೇ ನಡೆದಿದೆ. ಎರಡು ಸ್ವರಗಳ ನಡುವೆ ಸಿಕ್ಕಿದ ಹಕಾರವು ಆಡುಮಾತಿನಲ್ಲಿ ಜಾರಿಹೋಗುವುದು ಮೊದಲನೆಯ ಹಂತ. ಮಹಾದೇವ ಎಂಬುದು ಮಾದೇವ ಆಗುವುದೂ, ಬಹಳ ಎಂಬುದು ಬಾಳ ಆಗುವುದೂ ಇದೇ ಬಗೆಯವು. ಹಕಾರ ಜಾರಿದ ಮೇಲೆ ಎದುರುಬದುರಾಗುವ ಅಕಾರ ಮತ್ತು ಓಕಾರಗಳಲ್ಲಿ ಮೊದಲಿನದು ಬಿದ್ದು ಎರಡನೆಯದು ನಿಲ್ಲುತ್ತದೆ. ವೈಯಾಕರಣರು ಲೋಪಸಂಧಿ ಎಂದು ಕರೆಯುವ, ಹಿಂದಿನ ಸ್ವರ ಅಳಿದು ಮುಂದಿನ ಸ್ವರ ಉಳಿಯುವ ಕನ್ನಡದ ಅತಿ ಸಾಮಾನ್ಯ ಸಂಧಿಯ ನಡೆಯೇ ಇದು. ಮೂರನೆಯದಾಗಿ, ಕೊನೆಯ ಲಕಾರವು ಳಕಾರವಾಗಿ ಓಬಳ ಎಂಬ ರೂಪ ಸಿದ್ಧವಾಗುತ್ತದೆ. ಸಂಸ್ಕೃತದ ಲಕಾರವು ಕನ್ನಡಕ್ಕೆ ಬಂದಾಗ ಹೀಗೆ ಳಕಾರವಾಗುವುದನ್ನು 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕ್ಷಳ ಎಂಬ ಹೆಸರಿನಿಂದ ಗುರುತಿಸಿ, ಅಚ್ಚಗನ್ನಡದ ಳಕಾರವಾದ ಕುಳದಿಂದ ಅದನ್ನು ಬೇರ್ಪಡಿಸಿದ್ದಾನೆ. ಕೊನೆಯ ಹಂತದಲ್ಲಿ ಬಂಧುವಾಚಕವೊಂದು ಬಂದು ಸೇರುವಾಗ ನಡುವಿನ ಅಕ್ಷರ ಕಳಚಿ ಓಬಳವ್ವ ಎಂಬುದು ಓಬವ್ವ ಆಗುತ್ತದೆ. ತಿರುಮಲ ಎಂಬ ಕ್ಷೇತ್ರನಾಮವು ತಿಮ್ಮ ಎಂದಾಗಿ ತಿಮ್ಮಕ್ಕ, ತಿಮ್ಮವ್ವ ಎಂಬ ಹೆಸರುಗಳನ್ನು ಕೊಟ್ಟದ್ದೂ, ಮಲ್ಲಿಕಾರ್ಜುನನಿಂದ ಮಲ್ಲಮ್ಮ ಬಂದದ್ದೂ ಇದೇ ದಾರಿಯಲ್ಲಿ. ತೆಲುಗಿನಲ್ಲಿ ಈ ನಡುವಿನ ಅಕ್ಷರ ಕಳಚದೆ ಉಕಾರವನ್ನು ಪಡೆದು ನಿಂತಿತು. ಅಲ್ಲಿನವರು ಓಬುಳಮ್ಮ, ಓಬುಳೇಸು ಎನ್ನುತ್ತಾರೆ. ಎರಡು ಭಾಷೆಗಳೂ ಮನೆಯೊಳಗೇ ಇರುವ ಜಗಳೂರಿನಂತಹ ಸೀಮೆಯಲ್ಲಿ ಓಬಳ ಮತ್ತು ಓಬುಳ ಎಂಬ ಎರಡು ಉಚ್ಚಾರಗಳೂ ಅಕ್ಕಪಕ್ಕದಲ್ಲಿ ಬಾಳಿರುವುದರಲ್ಲಿ ಆಶ್ಚರ್ಯವಿಲ್ಲ.

ಹೆಸರಿನ ತುದಿಗೆ ಸೇರುವ ಅವ್ವ ಎಂಬ ಅಂಶವೂ ತನ್ನದೇ ಆದ ಚರಿತ್ರೆಯನ್ನು ಹೊಂದಿದೆ. ಹಳಗನ್ನಡದಲ್ಲಿ ತಾಯಿ ಎಂಬರ್ಥದ ಅಬ್ಬೆ ಎಂಬ ಶಬ್ದವು ಗೌರವಸೂಚಕವಾಗಿ ಹೆಂಗಸರ ಹೆಸರುಗಳಿಗೆ ಸೇರುತ್ತಿದ್ದು, 10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಅದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಹೊನ್ನಾಳಿ, ನ್ಯಾಮತಿ ಸೀಮೆಗೆ ನೆರೆಯದಾದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ದೊರೆತ ರಾಷ್ಟ್ರಕೂಟರ ಕಾಲದ ಶಾಸನವೊಂದು, ಸುಮಾರು ಕ್ರಿ.ಶ. 911ರಲ್ಲಿ ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಪದವಿಯನ್ನು ವಹಿಸಿಕೊಂಡು ಆಳಿದ ಜಕ್ಕಿಯಬ್ಬೆಯ ವಿಷಯವನ್ನು ತಿಳಿಸುತ್ತದೆ. ನಾಳ್ಗಾವುಂಡ ಎಂದರೆ ಹಲವು ಹಳ್ಳಿಗಳ ನಾಡೊಂದರ ಮುಖ್ಯಸ್ಥ, ಜಕ್ಕಿ ಎಂದರೆ ಯಕ್ಷಿಯ ತದ್ಭವ. 12ನೆಯ ಶತಮಾನದ ಶರಣೆಯರ ಕಾಲಕ್ಕೆ ಬಕಾರ ಸಡಿಲಗೊಂಡು ಕಾಳವ್ವೆ, ರೆಮ್ಮವ್ವೆ ಎಂಬ ರೂಪಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ಕೊನೆಯ ಎಕಾರವೂ ಅಕಾರವಾಗಿ ಇಂದಿನ ಅವ್ವ ನಿಂತಿದೆ. ಅಬ್ಬೆಯಿಂದ ಅವ್ವೆಗೆ, ಅವ್ವೆಯಿಂದ ಅವ್ವ ಎಂಬುದಕ್ಕೆ ನಡೆದ ಈ ಸಾವಿರ ವರ್ಷದ ಹಾದಿಯನ್ನು ಓಬವ್ವ ಎಂಬ ಹೆಸರು ತನ್ನ ಹಿಂಭಾಗದಲ್ಲಿ ಹೊತ್ತಿದೆ.

ಈ ಹೆಸರಿಗೆ ಒಂದು ಕಾಲದಲ್ಲಿ ಎಂತಹ ಪ್ರತಿಷ್ಠೆಯಿತ್ತು ಎಂಬುದನ್ನು ವಿಜಯನಗರದ ಅರಮನೆ ತೋರಿಸಿಕೊಡುತ್ತದೆ. ತುಳುವ ವಂಶದ ನರಸ ನಾಯಕನಿಗೆ ತಿಪ್ಪಾಂಬೆ, ನಾಗಲಾಂಬೆ, ಓಬಾಂಬೆ ಎಂಬ ಪತ್ನಿಯರಿದ್ದರು. ತಿಪ್ಪಾಂಬೆಯ ಮಗ ವೀರನರಸಿಂಹ, ನಾಗಲಾಂಬೆಯ ಮಗ ಕೃಷ್ಣದೇವರಾಯ, ಓಬಾಂಬೆಯ ಮಗ 1529ರಿಂದ 1542ರವರೆಗೆ ಆಳಿದ ಅಚ್ಯುತದೇವರಾಯ. ಅಚ್ಯುತನ ವಿವಾಹವನ್ನು ವಸ್ತುವಾಗಿಟ್ಟುಕೊಂಡು ತಿರುಮಲಾಂಬೆ ಎಂಬ ಕವಯಿತ್ರಿ ರಚಿಸಿದ ವರದಾಂಬಿಕಾ ಪರಿಣಯ ಎಂಬ ಸಂಸ್ಕೃತ ಚಂಪೂಕಾವ್ಯದಲ್ಲಿ ಅಚ್ಯುತನ ತಾಯಿಯ ಹೆಸರು ಓಬಮಾಂಬೆ ಎಂದಿದೆ. ಗದ್ಯಪದ್ಯಗಳೆರಡೂ ಬೆರೆತ ಪ್ರೌಢ ಕಾವ್ಯವನ್ನು ಸಂಸ್ಕೃತದಲ್ಲಿ ಬರೆಯಬಲ್ಲ ವಿದುಷಿಯೂ ರಾಜಮಾತೆಯ ಹೆಸರನ್ನು ಅಹೋಬಲಾಂಬೆ ಎಂದು ತಿದ್ದದೆ, ಜನರ ಬಾಯಲ್ಲಿದ್ದ ಓಬಮ್ಮ ಎಂಬ ರೂಪದ ಮೇಲೆಯೇ ಅಂಬಾ ಎಂಬ ಸಂಸ್ಕೃತ ಪದವನ್ನು ಏರಿಸಿದ್ದಾಳೆ ಎಂಬುದು ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶ. ತಾಯಿ ಎಂಬರ್ಥದ ಪದ ಒಂದೇ ಹೆಸರಿನಲ್ಲಿ ಎರಡು ಸಲ ಬಂದರೂ ಅಡ್ಡಿಯಿಲ್ಲ, ಮೂಲನಾಮ ಮಾತ್ರ ಕದಲಬಾರದು ಎನ್ನುವಷ್ಟು ಗಟ್ಟಿಯಾಗಿ ಓಬ ಎಂಬ ರೂಪ 16ನೆಯ ಶತಮಾನದ ಹೊತ್ತಿಗೆ ಬೇರೂರಿತ್ತು. ಮುಂದೆ ಅರವೀಡು ವಂಶದಲ್ಲಿಯೂ ಓಬಮಾಂಬೆ ಎಂಬ ರಾಣಿಯರು ಕಂಡುಬರುತ್ತಾರೆ. ತಿಪ್ಪಮ್ಮ, ನಾಗಮ್ಮ, ಓಬಮ್ಮ ಎಂದು ಈಗ ಹಳ್ಳಿಯ ಹೆಸರುಗಳೆಂದು ಹಿಂದೆ ಸರಿಸಲ್ಪಟ್ಟಿರುವ ಮೂರೂ ಹೆಸರುಗಳು ಹಂಪಿಯ ಒಂದೇ ಅಂತಃಪುರದಲ್ಲಿ ಮೂವರು ಚಕ್ರವರ್ತಿಗಳ ತಾಯಂದಿರ ಹೆಸರುಗಳಾಗಿದ್ದವು ಎಂಬುದನ್ನು ಸೊಕ್ಕೆ ಸೀಮೆಯ ಪ್ರತಿಯೊಬ್ಬ ಹೆಣ್ಣುಮಗಳೂ ತಿಳಿದಿರಬೇಕಾಗಿದೆ.

ವಿಜಯನಗರದ ಪತನದ ನಂತರ ಜಗಳೂರಿನ ಸುತ್ತಲಿನ ಪ್ರದೇಶ ಚಿತ್ರದುರ್ಗದ ಕಾಮಗೇತಿ ವಂಶದ ನಾಯಕರ ಅಧೀನಕ್ಕೆ ಬಂದಿತು. ಬೇಡ ಸಮುದಾಯದ ಈ ಮನೆತನದ ಹಿರಿಯರು ತಿರುಪತಿಯ ಕಡೆಯಿಂದ ಬಂದು ಭರಮಸಾಗರಕ್ಕೆ ಹತ್ತಿರದ ನೀರ್ಥಡಿಯಲ್ಲಿ ನೆಲೆಸಿದರೆಂಬ ಐತಿಹ್ಯವಿದ್ದು, ಆ ಐತಿಹ್ಯಕ್ಕೆ ಅವರ ಹೆಸರುಗಳೇ ಒತ್ತಾಸೆಯಾಗಿವೆ. ಮೊದಲಿಗನಾದ ಮತ್ತಿ ತಿಮ್ಮಣ್ಣ ನಾಯಕನ ಹೆಸರಿನಲ್ಲಿ ತಿರುಮಲವಿದೆ. 1588ರ ಸುಮಾರಿಗೆ ಅಧಿಕಾರಕ್ಕೆ ಬಂದ ಅವನ ಮಗ ಓಬಣ್ಣ ನಾಯಕನ ಹೆಸರಿನಲ್ಲಿ ಅಹೋಬಲವಿದೆ. ಅನಂತರ ಸುಮಾರು ಅರ್ಧ ಶತಮಾನ ಆಳಿದ ಕಸ್ತೂರಿ ರಂಗಪ್ಪ ನಾಯಕನ ಹೆಸರಿನಲ್ಲಿ ರಂಗನಾಥನಿದ್ದಾನೆ. ಮೂರು ತಲೆಮಾರುಗಳ ಹೆಸರುಗಳನ್ನು ಸಾಲಾಗಿ ಓದಿದರೆ ಪೂರ್ವದ ಬೆಟ್ಟಗಳಿಂದ ಪಶ್ಚಿಮದ ಬಯಲಿಗೆ ಇಳಿದ ಕುಟುಂಬವೊಂದರ ಭಕ್ತಿಯ ಭೂಪಟವೇ ತೆರೆದುಕೊಳ್ಳುತ್ತದೆ. ಅರಸನ ಹೆಸರನ್ನು ಪ್ರಜೆಗಳು ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ, ಏಕೆಂದರೆ ಅದು ಅರಸನ ಸ್ವತ್ತಾಗಿರಲಿಲ್ಲ, ದೇವರದಾಗಿತ್ತು. ಓಬಣ್ಣ ಎಂಬ ಹೆಸರು ದೊರೆಗೂ ಒಕ್ಕಲಿಗೂ, ಓಬವ್ವ ಎಂಬ ಹೆಸರು ರಾಣಿಗೂ ಕಾವಲುಗಾರನ ಹೆಂಡತಿಗೂ ಸಮಾನವಾಗಿ ಸಂದದ್ದು ಹೀಗೆ.

ಆ ಕಾವಲುಗಾರನ ಹೆಂಡತಿಯೇ ನಾಡು ಒನಕೆ ಓಬವ್ವ ಎಂದು ನೆನೆಯುವ ವೀರ ಮಹಿಳೆ. ಛಲವಾದಿ ಸಮುದಾಯಕ್ಕೆ ಸೇರಿದ ಈಕೆಯ ಗಂಡ ಮುದ್ದಹನುಮ ಕೋಟೆಯ ಕಾವಲಿನವನಾಗಿ ಕಹಳೆ ಊದುವ ಕೆಲಸದಲ್ಲಿದ್ದನೆಂದೂ, ಅವನು ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋದ ಈಕೆ ಬಂಡೆಗಳ ನಡುವಿನ ಕಿಂಡಿಯೊಳಗಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿರುವುದನ್ನು ಕಂಡು, ಒನಕೆಯಿಂದ ಅವರನ್ನು ಬಡಿದು ಕೆಡವಿದಳೆಂದೂ ಐತಿಹ್ಯ ಹೇಳುತ್ತದೆ. ದುರ್ಗದ ಕೋಟೆಯಲ್ಲಿ ಆ ಕಿಂಡಿಯನ್ನು ಇಂದಿಗೂ ಆಕೆಯ ಹೆಸರಿನಿಂದಲೇ ತೋರಿಸುತ್ತಾರೆ; ಒಬ್ಬರು ಮೈ ಕುಗ್ಗಿಸಿಕೊಂಡು ಮಾತ್ರ ತೂರಬಹುದಾದ ಆ ಸಂದಿಯನ್ನು ಕಂಡವರಿಗೆ, ಒಬ್ಬ ಹೆಂಗಸು ಒನಕೆ ಹಿಡಿದು ಸೈನ್ಯವೊಂದನ್ನು ತಡೆದಳೆಂಬುದು ಉತ್ಪ್ರೇಕ್ಷೆಯಾಗಿ ತೋರುವುದಿಲ್ಲ. 1779ರಲ್ಲಿ ಕೋಟೆ ಹೈದರನ ವಶವಾಗಿ ಕೊನೆಯ ಮದಕರಿ ನಾಯಕ ಸೆರೆಯಾದ ಮೇಲೂ ಕಥೆ ಜನರ ಬಾಯಲ್ಲಿ ಉಳಿಯಿತು. ಇಲ್ಲಿ ಹೆಸರಿನ ಚರಿತ್ರೆಗೆ ಮುಖ್ಯವಾದ ಸಂಗತಿಯೆಂದರೆ, ಓಬವ್ವ ಎಂಬುದು ಆಗ ವೀರತ್ವದ ಹೆಸರಾಗಿರಲಿಲ್ಲ. ಕೋಟೆಯೊಳಗೂ ಹೊರಗೂ ಅದೇ ಹೆಸರಿನ ಹೆಂಗಸರು ಇದ್ದದ್ದರಿಂದಲೇ ಈಕೆಯನ್ನು ಬೇರ್ಪಡಿಸಿ ಗುರುತಿಸಲು ಒನಕೆ ಎಂಬ ವಿಶೇಷಣ ಬೇಕಾಯಿತು ಎಂದು ಭಾವಿಸುವುದಕ್ಕೆ ಆಸ್ಪದವಿದೆ.

ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿದ್ದುದು ತೊಟ್ಟಿಲ ಶಾಸ್ತ್ರದ ಮೂಲಕ. ಪ್ರತಿಯೊಂದು ಮನೆಯೂ ಒಂದು ದೇವರಿಗೆ ಒಕ್ಕಲು, ಎಂದರೆ ವಂಶಪಾರಂಪರ್ಯವಾಗಿ ನಡೆದುಕೊಳ್ಳುವ ಭಕ್ತಕುಟುಂಬ. ಆ ಮನೆದೇವರ ಹೆಸರನ್ನಾಗಲಿ, ಅದೇ ದೇವರ ಹೆಸರನ್ನು ಹೊತ್ತು ಬಾಳಿದ ಅಜ್ಜಿಯ ಹೆಸರನ್ನಾಗಲಿ ಕೂಸಿಗೆ ಇಡುವುದು ರೂಢಿ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯ ಬಳಿ ಬಾಗಿ ಹೆಸರನ್ನು ಕೂಗುವುದು, ಸುತ್ತ ನೆರೆದ ಹೆಂಗಸರು ಆಕೆಯ ಬೆನ್ನಿಗೆ ಗುದ್ದಿ ನಗುವುದು, ಬಂದವರಿಗೆ ಗುಗ್ಗರಿ ಹಂಚುವುದು ಈ ಭಾಗದ ಮನೆಗಳಲ್ಲಿ ನಡೆದುಕೊಂಡು ಬಂದ ಕ್ರಮವಾಗಿದೆ. ಅಜ್ಜಿಯ ಹೆಸರಿಟ್ಟ ಮಗುವಿನ ವಿಷಯದಲ್ಲಿ ಒಂದು ಸೂಕ್ಷ್ಮವಿತ್ತು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಕಟ್ಟಳೆಯಿದ್ದುದರಿಂದ, ತಾಯಿ ತನ್ನ ಮಗಳನ್ನು ಅವಳ ಹೆಸರಿನಿಂದ ಕರೆಯಲಾಗದೆ ಅವ್ವಿ, ಪುಟ್ಟಿ, ಚಿನ್ನಿ ಎಂಬ ಕರೆಯುವ ಹೆಸರುಗಳನ್ನು ಆಶ್ರಯಿಸುತ್ತಿದ್ದಳು. ಹೀಗೆ ಒಂದೇ ಮಗುವಿಗೆ ತೊಟ್ಟಿಲ ಹೆಸರು ಮತ್ತು ಕರೆಯುವ ಹೆಸರು ಎಂದು ಎರಡು ಹೆಸರುಗಳಾಗಿ, ಮೊದಲನೆಯದು ಮನೆತನದ ನೆನಪನ್ನೂ ಎರಡನೆಯದು ದಿನದ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದವು. ಎಳೆಗೂಸಿನ ಹೆಸರಿನಲ್ಲಿ ಅವ್ವ ಎಂಬ ಹಿರಿತನದ ಪದವಿರುವುದು ಈ ಹಿನ್ನೆಲೆಯಲ್ಲಿ ಅಸಹಜವೆನಿಸುತ್ತಿರಲಿಲ್ಲ, ಏಕೆಂದರೆ ಕೂಸನ್ನು ಹಾಗೆ ಕರೆದಾಗ ಹಿರಿಯಳನ್ನೇ ಕರೆದಂತಾಗುತ್ತಿತ್ತು.

ಸೊಕ್ಕೆ ಸೀಮೆಯಲ್ಲಿ ಓಬವ್ವನಿಗೆ ಜೊತೆಯಾಗಿ ಬಾಳಿದ ಹೆಸರುಗಳೂ ಇದೇ ಬಗೆಯಲ್ಲಿ ಸುತ್ತಲಿನ ಕ್ಷೇತ್ರಗಳಿಗೆ ಕಟ್ಟುಬಿದ್ದಿವೆ. ಉತ್ತರದ ಕೊಟ್ಟೂರು ಬಸವೇಶ್ವರನಿಂದ ಕೊಟ್ಟೂರಮ್ಮ ಎಂದಾಗಿ, ನಡುವಿನ ದೀರ್ಘಸ್ವರ ಪೂರ್ತಿ ಕರಗಿ ಕೊಟ್ರಮ್ಮ ಬಂದಿದೆ. ಪಶ್ಚಿಮದ ಉಚ್ಚಂಗಿದುರ್ಗದ ದೇವಿಯಿಂದ ಉಚ್ಚೆಂಗೆಮ್ಮ ಬಂದಿದೆ. ಕದಂಬರ ತಾಮ್ರಪಟಗಳಲ್ಲಿ ಉಚ್ಚಶೃಂಗಿ ಎಂದು ಕರೆಯಲ್ಪಟ್ಟ, ಮುಂದೆ ಪಾಂಡ್ಯರೆಂಬ ಅರಸುಮನೆತನದ ನೆಲೆಯಾಗಿ ಹೊಯ್ಸಳ ಇಮ್ಮಡಿ ಬಲ್ಲಾ­ಳನಿಂದ ಗೆಲ್ಲಲ್ಪಟ್ಟ ಆ ಗಿರಿದುರ್ಗದ ದೇವಿಯನ್ನು ಅರ್ಚಕರು ಉತ್ಸವಾಂಬೆ ಎಂದರೂ ಒಕ್ಕಲುಗಳಿಗೆ ಅವಳು ಉಚ್ಚೆಂಗೆಮ್ಮನೇ. ಬ್ರಹ್ಮ ಎಂಬ ಶಬ್ದವು ಕನ್ನಡದಲ್ಲಿ ಎರಡು ಕವಲಾಗಿ ಒಡೆದು, ಒತ್ತಕ್ಷರ ಸಮೀಕರಣಗೊಂಡ ಬೊಮ್ಮ ಎಂಬುದರಿಂದ ಬೊಮ್ಮಕ್ಕನೂ, ನಡುವೆ ಸ್ವರ ಸೇರಿಕೊಂಡ ಭರಮ ಎಂಬುದರಿಂದ ಭರಮವ್ವನೂ ಹುಟ್ಟಿದ್ದಾರೆ. ತಿಪ್ಪಮ್ಮ ಎಂಬ ಹೆಸರನ್ನು ಈಗ ಸಾಮಾನ್ಯವಾಗಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯೊಂದಿಗೆ ಜೋಡಿಸುತ್ತಾರೆ. ಆದರೆ ನರಸ ನಾಯಕನ ಪತ್ನಿಯ ಹೆಸರು ತಿಪ್ಪಾಂಬೆ ಎಂದಿರುವುದನ್ನು ನೋಡಿದರೆ, ಹಟ್ಟಿಯ ಸ್ವಾಮಿಯ ಭಕ್ತಿ ಹಬ್ಬುವುದಕ್ಕೆ ಮೊದಲೇ ಬಳಕೆಯಲ್ಲಿದ್ದ ಹೆಸರಿಗೆ ಆ ಭಕ್ತಿ ಹೊಸ ಬಲವನ್ನು ತಂದಿತೆಂದು ಹೇಳುವುದು ಹೆಚ್ಚು ಸರಿಯಾಗುತ್ತದೆ.

ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳ ಹೆಸರುಗಳು ಬೇರೆಯೇ ದಿಕ್ಕಿಗೆ ಮುಖಮಾಡಿವೆ. ಚನ್ನಗಿರಿಯ ಹೆಸರೇ 17ನೆಯ ಶತಮಾನದಲ್ಲಿ ಆಳಿದ ಕೆಳದಿಯ ಚೆನ್ನಮ್ಮಾಜಿಯಿಂದ ಬಂದಿತೆಂಬ ಪ್ರತೀತಿಯಿದ್ದು, ಆ ಭಾಗದಲ್ಲಿ ಚನ್ನಮ್ಮ, ಬಸಮ್ಮ, ಗೌರಮ್ಮ ಎಂಬ ವೀರಶೈವ ಪರಂಪರೆಯ ಹೆಸರುಗಳು ಹೆಚ್ಚು. ಅಲ್ಲಿನ ಸೂಳೆಕೆರೆಯನ್ನು ಕಟ್ಟಿಸಿದವಳೆಂದು ಜನಪದರು ನಂಬುವ ಶಾಂತವ್ವನ ಹೆಸರು ಆ ಕೆರೆಯ ಶಾಂತಿಸಾಗರ ಎಂಬ ಹೆಸರಿನ ಹಿಂದೆ ನಿಂತಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವಾಗಿ ಲಂಬಾಣಿಗರ ಯಾತ್ರಾಕ್ಷೇತ್ರವಾಗಿದ್ದು, ತಾಂಡಾಗಳ ಹಿರಿಯ ಹೆಂಗಸರ ಹೆಸರುಗಳು ಬಾಯಿ ಎಂಬ ಗೌರವಪದದಿಂದ ಮುಗಿಯುತ್ತವೆ. ಓಬವ್ವ ಎಂಬ ಹೆಸರಿನ ನೆಲೆ ಜಗಳೂರಿನಿಂದ ಪೂರ್ವಕ್ಕೆ ದಟ್ಟವಾಗಿ, ಪಶ್ಚಿಮಕ್ಕೆ ಹೋದಂತೆ ವಿರಳವಾಗುವುದು ಅಹೋಬಲದ ದಾರಿಯನ್ನೂ ದುರ್ಗದ ನಾಯಕರ ಆಳ್ವಿಕೆಯ ಹರವನ್ನೂ ನೆನೆದರೆ ಅರ್ಥವಾಗುತ್ತದೆ.

ಹೆಸರಿಗೆ ನಾಡಿನುದ್ದಕ್ಕೂ ಪ್ರಸಿದ್ಧಿ ಬಂದದ್ದು 20ನೆಯ ಶತಮಾನದಲ್ಲಿ. ಪಠ್ಯಪುಸ್ತಕಗಳು, ನಾಟಕಗಳು, ಲಾವಣಿಗಳು ಮೊದಲು ದಾರಿ ಮಾಡಿಕೊಟ್ಟವು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 1972ರ ನಾಗರಹಾವು ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡ ಹಾಡಿನ ದೃಶ್ಯ ದುರ್ಗದ ಹೆಸರನ್ನು ಕೇಳದವರ ಮನೆಗೂ ಆಕೆಯನ್ನು ಮುಟ್ಟಿಸಿತು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಆಕೆಯ ಹೆಸರಿಡಲಾಯಿತು; 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರವು ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಈ ಗೌರವ ಆಕೆಗೆ ತಡವಾಗಿಯಾದರೂ ಸಂದಿತು ಎಂಬುದು ಸಂತೋಷದ ವಿಷಯವೇ. ಆದರೆ ಹಲವು ಮನೆಗಳ ಹಲವು ಅಜ್ಜಿಯರ ಹೆಸರಾಗಿದ್ದದ್ದು ಈ ಪ್ರಸಿದ್ಧಿಯಿಂದಾಗಿ ಒಬ್ಬಳೇ ವೀರ ಮಹಿಳೆಯ ಹೆಸರಾಗಿ ಮಾರ್ಪಟ್ಟಿತು. ಓಬವ್ವ ಎಂದೊಡನೆ ಕೇಳುಗನ ಮನಸ್ಸಿನಲ್ಲಿ ದೇವರೂ ಮೂಡುವುದಿಲ್ಲ, ಅಜ್ಜಿಯೂ ಮೂಡುವುದಿಲ್ಲ, ಒನಕೆ ಮೂಡುತ್ತದೆ. ಉಳ್ಳಾಲದ ಅಬ್ಬಕ್ಕನ ಹೆಸರಿಗೂ ಇದೇ ಗತಿಯಾಗಿದ್ದು, ನಾಡು ಹೆಮ್ಮೆಯಿಂದ ಉಚ್ಚರಿಸುವ ಆ ಹೆಸರನ್ನು ಕೂಸಿಗೆ ಇಡುವವರು ವಿರಳ.

ಪ್ರಸಿದ್ಧಿಯೊಂದೇ ಈ ಹಿಂಜರಿತಕ್ಕೆ ಕಾರಣವಲ್ಲ. ಶಾಲೆಯ ಹಾಜರಿ ಪುಸ್ತಕವು ಕರೆಯುವ ಹೆಸರು ಮತ್ತು ತೊಟ್ಟಿಲ ಹೆಸರುಗಳ ಹಳೆಯ ಜೋಡಿಯನ್ನು ಒಡೆದು ಒಂದೇ ಹೆಸರನ್ನು ಕೇಳಿದಾಗ, ಕಾದಂಬರಿ, ವಾರಪತ್ರಿಕೆ, ಸಿನಿಮಾಗಳಿಂದ ಬಂದ ಸುಜಾತ, ಲಲಿತ, ಗೀತಾಗಳು ಆ ಜಾಗಕ್ಕೆ ಬಂದವು; ಅವುಗಳ ಹಿಂದೆ ಕಾವ್ಯ, ಸಹನಾ, ಸಿಂಚನಾಗಳು, ಈಗ ಸಾನ್ವಿ, ಆದ್ಯಾಗಳು. ಅವ್ವ, ಅಕ್ಕ ಎಂಬ ತುದಿಗಳು ಮುದುಕಿಯರ ಗುರುತುಗಳೆಂಬ ಭಾವನೆ ಬೆಳೆಯಿತು. ಗಂಡುಮಕ್ಕಳಲ್ಲಿ ಓಬಳೇಶ ಎಂಬ ರೂಪ ಇನ್ನೂ ಉಳಿದುಕೊಂಡಿರುವುದಕ್ಕೆ ಈಶ ಎಂಬ ತುದಿ ಅದಕ್ಕೆ ಹೊಸಕಾಲದ ಹೊದಿಕೆಯನ್ನು ಕೊಟ್ಟಿರುವುದೇ ಕಾರಣವಿರಬೇಕು. ಹೆಣ್ಣಿನ ಹೆಸರಿಗೆ ಅಂತಹ ಹೊದಿಕೆ ಒದಗಲಿಲ್ಲ.

ಹೆಸರು ಆರಿಸುವ ಇಂದಿನ ಕ್ರಮದಲ್ಲಿ ಅವಕಹಡ ಚಕ್ರಕ್ಕೆ ದೊಡ್ಡ ಸ್ಥಾನ ದೊರೆತಿದೆ. ಇಪ್ಪತ್ತೇಳು ನಕ್ಷತ್ರಗಳ ಒಂದೊಂದು ಪಾದಕ್ಕೂ ಒಂದೊಂದು ಅಕ್ಷರವನ್ನು ಗೊತ್ತುಮಾಡಿರುವ ಈ ಕೋಷ್ಟಕ ಪಂಚಾಂಗಗಳಲ್ಲಿ ಅಚ್ಚಾಗಿರುತ್ತದೆ. ಕೂಸು ಹುಟ್ಟಿದ ಗಳಿಗೆಯ ಪಾದಕ್ಕೆ ಬರುವ ಅಕ್ಷರದಿಂದ ಹೆಸರು ಮೊದಲಾಗಬೇಕೆಂಬುದು ಇದರ ನಿಯಮ. ಮನೆದೇವರು ಮತ್ತು ಅಜ್ಜಿಯ ಹೆಸರುಗಳನ್ನು ಅನುಸರಿಸುತ್ತಿದ್ದ ಒಕ್ಕಲು ಮನೆಗಳಲ್ಲಿ ಹಿಂದೆ ಇದರ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ. ಈ ಚಕ್ರದ ಪ್ರಕಾರ ಕೃತ್ತಿಕಾ ನಕ್ಷತ್ರದ ಮೊದಲ ಪಾದಕ್ಕೆ ಅ ಎಂಬ ಅಕ್ಷರವೂ ರೋಹಿಣಿಯ ಮೊದಲ ಪಾದಕ್ಕೆ ಓ ಎಂಬ ಅಕ್ಷರವೂ ಸಲ್ಲುತ್ತವೆ. ಎಂದರೆ ಅಹೋಬಲ ಎಂದು ಮೂಲರೂಪದಲ್ಲಿ ಹೇಳಿದರೆ ಹೆಸರು ಮೇಷ ರಾಶಿಗೆ ಸೇರುತ್ತದೆ, ಓಬವ್ವ ಎಂದು ಕನ್ನಡದ ರೂಪದಲ್ಲಿ ಹೇಳಿದರೆ ವೃಷಭ ರಾಶಿಗೆ ಸೇರುತ್ತದೆ. ರೋಹಿಣಿಯ ಮೊದಲ ಪಾದದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಓಕಾರದ ಹೆಸರು ಸಿಗದೆ ತಂದೆತಾಯಂದಿರು ಓಜಸ್ವಿನಿ ಎಂದೋ ಓಂಕಾರೇಶ್ವರಿ ಎಂದೋ ಹುಡುಕಾಡುವಾಗ, ಅದೇ ಅಕ್ಷರದಿಂದ ಮೊದಲಾಗುವ, ಐದು ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಮನೆಯ ಹೆಸರೊಂದು ಪಕ್ಕದಲ್ಲೇ ಇರುವುದು ಅವರ ಗಮನಕ್ಕೆ ಬಾರದೆ ಹೋಗುತ್ತಿದೆ.

ಉಚ್ಚಾರದ ಮಟ್ಟಿಗೆ ಹೊಸದೊಂದು ತೊಡಕು ಲಿಪಿಯಿಂದ ಬಂದಿದೆ. ಒನಕೆ ಎಂಬುದರ ಮೊದಲ ಸ್ವರ ಹ್ರಸ್ವ, ಓಬವ್ವ ಎಂಬುದರ ಮೊದಲ ಸ್ವರ ದೀರ್ಘ. ಕನ್ನಡ ಮತ್ತು ತೆಲುಗು ಲಿಪಿಗಳು ಈ ಭೇದವನ್ನು ಸ್ಪಷ್ಟವಾಗಿ ತೋರಿಸುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಎರಡಕ್ಕೂ ಒಂದೇ ಅಕ್ಷರ ಸಾಲಬೇಕು. ದೇವನಾಗರಿಯಲ್ಲಿ ಹಿಂದಿಯವರು ಬರೆಯುವಾಗಲೂ ಎರಡಕ್ಕೂ ಒಂದೇ ಚಿಹ್ನೆ. ಅದರಿಂದಾಗಿ ಕನ್ನಡ ತಿಳಿಯದವರು ಒನಕೆಯ ಸ್ವರವನ್ನು ಎಳೆದು, ಓಬವ್ವನ ಸ್ವರವನ್ನು ಮೊಟಕುಮಾಡಿ, ವಕಾರದ ಒತ್ತನ್ನು ಬಿಟ್ಟು, ಕೊನೆಯ ಅಕಾರವನ್ನು ಆಕಾರವಾಗಿಸಿ ಓದುವುದು ಸಾಮಾನ್ಯವಾಗಿದೆ. ಹಳಗನ್ನಡದ ಬರಹದಲ್ಲಿಯೂ ಎ, ಏ ಮತ್ತು ಒ, ಓ ಸ್ವರಗಳ ಹ್ರಸ್ವದೀರ್ಘಗಳನ್ನು ಸಾಮಾನ್ಯವಾಗಿ ಬೇರ್ಪಡಿಸಿ ತೋರಿಸುತ್ತಿರಲಿಲ್ಲ; ಶಾಸನವನ್ನೋ ಓಲೆಗರಿಯನ್ನೋ ಓದುವವನು ತನ್ನ ಕಿವಿಯ ಅಭ್ಯಾಸದಿಂದ ದೀರ್ಘವನ್ನು ತುಂಬಿಕೊಳ್ಳುತ್ತಿದ್ದನು. ಹೆಸರು ಕಿವಿಯಲ್ಲಿ ಇರುವವರೆಗೆ ಬರಹದ ಆ ಕೊರತೆ ಬಾಧಿಸಲಿಲ್ಲ.

ಈಗ ಹೆಸರನ್ನು ಕಿವಿಗಿಂತ ಹೆಚ್ಚಾಗಿ ದಾಖಲೆಯೇ ಹಿಡಿದಿಡುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮವು ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಲು ಅವಕಾಶ ಕೊಟ್ಟು, ಅನಂತರ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆಯೂ, ಆಮೇಲೆ ನಿಗದಿತ ಶುಲ್ಕ ಪಾವತಿಸಿ ಹದಿನೈದು ವರ್ಷಗಳವರೆಗೂ ಮಗುವಿನ ಹೆಸರನ್ನು ಸೇರಿಸುವ ದಾರಿಯನ್ನು ತೆರೆದಿಟ್ಟಿದೆ. ತೊಟ್ಟಿಲ ಶಾಸ್ತ್ರ ಮುಗಿದ ಮೇಲೆ ಹೆಸರು ಬರೆಸುವುದಕ್ಕೆ ಈ ನಿಯಮದಿಂದ ಯಾವ ಅಡ್ಡಿಯೂ ಇಲ್ಲ. ಆದರೂ ಹೆರಿಗೆ ಆಸ್ಪತ್ರೆಯಲ್ಲಿ ಆಗಿ, ಪ್ರಮಾಣಪತ್ರ ಬೇಗ ಕೈಗೆ ಬರಬೇಕೆಂಬ ಅವಸರದಲ್ಲಿ ಸೋದರತ್ತೆ ಊರಿನಿಂದ ಬರುವುದಕ್ಕೆ ಮೊದಲೇ ಹೆಸರನ್ನು ಭರ್ತಿಮಾಡುವುದು ಹೆಚ್ಚುತ್ತಿದೆ. 2023ರ ತಿದ್ದುಪಡಿಯ ನಂತರ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಮೊದಲಾದವುಗಳಿಗೆ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ, ಅಲ್ಲಿ ಬರೆದ ಹೆಸರೂ ಅದರ ಇಂಗ್ಲಿಷ್ ಕಾಗುಣಿತವೂ ಮಗುವಿನ ಜೀವನದುದ್ದಕ್ಕೂ ನಿಲ್ಲುತ್ತವೆ. ಅಜ್ಜಿಯ ಹೆಸರನ್ನು ಉಳಿಸಿಕೊಳ್ಳಬಯಸುವ ಮನೆಯವರು ಅದನ್ನು ಕನ್ನಡದಲ್ಲಿ ದೀರ್ಘ ಓಕಾರ ಮತ್ತು ವಕಾರದ ಒತ್ತಿನೊಂದಿಗೆ ಆ ಅರ್ಜಿಯಲ್ಲಿಯೇ ಬರೆಸಬೇಕಾಗುತ್ತದೆ.